ಗಾಡಿ ಮುಂದೆ ನಿಲ್ಲುವವನು

ಆತ ಸತ್ತ ಸುದ್ದಿ ನನಗೆ ತಲುಪಿದ್ದು ಕೋರ್ಟಿನ ಕ್ಯಾಂಟೀನಿನಲ್ಲಿ. ನನ್ನ ಗುಮಾಸ್ತ ಇಡ್ಲಿ ಮುರಿಯುತ್ತ, ನಿಮ್ಮ ಬ್ರೇಕ್ ಮೇಸ್ತ್ರಿ ಹೋದನಂತೆ ಸರ್, ಎಂದ. ಆ 'ನಿಮ್ಮ' ಎಂಬ ಮಾತಿಗೇ ನನಗೆ ಮೈ ಉರಿಯಿತು. ಒಂಬತ್ತು ವರ್ಷದಿಂದ ಆ ಮನುಷ್ಯನ ಮುಖ ನೋಡಿರಲಿಲ್ಲ, ನೋಡುವ ಆಸೆಯೂ ಇರಲಿಲ್ಲ. ಅಯ್ಯೋ ಪಾಪ ಎನ್ನಬೇಕಾದ ಜಾಗದಲ್ಲಿ ನಾನು ಇನ್ನೊಂದು ಚಹಾ ಹೇಳಿದೆ.

ಎರಡು ದಿನ ಬಿಟ್ಟು ಬಳ್ಳಾರಿ ರಸ್ತೆಯ ತಿರುವಿನಲ್ಲಿ ಆಟೋದವರೂ ಲಾರಿಯವರೂ ಸೇರಿ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಆತ ನಗುತ್ತಿದ್ದ. ಕೆಳಗೆ ಸ್ನೇಹಜೀವಿ, ಮೃದುಭಾಷಿ ಎಂದೆಲ್ಲ ಬರೆಸಿದ್ದರು. ನಾನು ಮೂವತ್ತು ವರ್ಷ ವಕೀಲಿ ಮಾಡಿದವನು, ಸುಳ್ಳು ಸಾಕ್ಷಿ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಆತ ನಕ್ಕದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಮೃದುವಾಗಿ ಮಾತಾಡಿದ್ದನ್ನು ಕೇಳಿದವರು ಯಾರಾದರೂ ಇದ್ದರೆ ಕಟಕಟೆ ಹತ್ತಿ ಪ್ರಮಾಣ ಮಾಡಿ ಹೇಳಲಿ. ಆ ಫ್ಲೆಕ್ಸಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಹೊಸಪೇಟೆಯ ಅಂಚಿನಲ್ಲಿ, ಕಾಲುವೆಯ ಪಕ್ಕ, ಆತನ ಶೆಡ್ಡು. ಮೂರು ಕಡೆ ತಗಡು, ಹಿಂದಿನದೊಂದು ಮಾತ್ರ ಇಟ್ಟಿಗೆಯ ಗೋಡೆ. ಅದಕ್ಕೆ ಶಾಲೆಯ ಹಲಗೆಯಂತೆ ಕಪ್ಪು ಬಣ್ಣ ಬಳಿದಿದ್ದ. ಬೋರ್ಡಿಲ್ಲ, ಬಂದವರಿಗೆ ಕುರ್ಚಿಯಿಲ್ಲ. ಕಾರಿನಿಂದ ಇಳಿದವರನ್ನು ಆತ ತಲೆಯೆತ್ತಿ ನೋಡುತ್ತಿರಲಿಲ್ಲ, ಕಾರಿನ ಗಾಲಿಗಳನ್ನು ನೋಡುತ್ತಿದ್ದ. ತಹಶೀಲ್ದಾರರೇ ಬಂದು ನಿಂತಿದ್ದರೂ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬರುವ ತನಕ ಅವರು ಕಾಯಬೇಕು. ಉಗುಳುವ ಜಾಗವೂ ದೂರವೇ ಇತ್ತು, ಕಾಲುವೆಯ ಏರಿ ಹತ್ತಿ ಇಳಿದು ಬರುತ್ತಿದ್ದ.

ಬ್ರೇಕು ಬಿಟ್ಟು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಎಂಜಿನ್ ಸದ್ದು ಮಾಡುತ್ತಿದೆ, ಒಂದು ಸ್ವಲ್ಪ ನೋಡು ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು.

"ಅದನ್ನ ಬ್ಯಾರೆ ಕಡೆ ತೋರ್ಸ್ರಿ. ಗಾಡಿ ಓಡ್ಲಿಲ್ಲಂದ್ರ ಯಾರೂ ಸಾಯೂದಿಲ್ಲ."

ಯಶವಂತನಗರದ ಗಣಿಯಲ್ಲಿ ಅದಿರಿನ ಲಾರಿಗಳ ರಿಪೇರಿ ಮಾಡಿಕೊಂಡಿದ್ದವನಂತೆ. ಅಲ್ಲಿ ಏನೋ ಆಯಿತು, ಅದಕ್ಕೇ ಹೀಗಾದ ಎಂದು ಕಥೆ ಹೇಳುವವರಿದ್ದಾರೆ. ಒಬ್ಬೊಬ್ಬರ ಕಥೆಯಲ್ಲಿ ಒಂದೊಂದು ಲಾರಿ, ಒಂದೊಂದು ಸಾವು. ಸಾಕ್ಷಿಯಿಲ್ಲದ್ದನ್ನು ನಾನು ಒಪ್ಪುವುದಿಲ್ಲ. ಆತ ಹುಟ್ಟುತ್ತಲೇ ಹಾಗಿದ್ದ ಎಂಬುದು ನನ್ನ ವಾದ.

ಜೊತೆಗೆ ಕೆಲಸಕ್ಕೆ ಹೆಂಡತಿಯೊಬ್ಬಳೇ. ಬ್ರೇಕಿನ ಪೈಪುಗಳಲ್ಲಿ ಸೇರಿಕೊಂಡ ಗಾಳಿಯನ್ನು ತೆಗೆಯಲು ಇಬ್ಬರು ಬೇಕು, ಒಬ್ಬರು ಕೆಳಗೆ ಮಲಗಿ ನಟ್ಟು ಸಡಿಲಿಸಬೇಕು, ಇನ್ನೊಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು. ಆಕೆ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದಳು. ಕೆಳಗಿನಿಂದ ಆತನ ದನಿ ಬರುತ್ತಿತ್ತು: ಒತ್ತು, ಹಿಡಿ, ಬಿಡು. ಆ ಮೂರು ಮಾತು ಬಿಟ್ಟು ಗಂಡ ಹೆಂಡಿರು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಬೇರೆಯವರ ಕಾಲಿನ ಮೇಲೆ ಆತನಿಗೆ ನಂಬಿಕೆಯಿರಲಿಲ್ಲ.

ಇನ್ನು ಆತನ ಎರಡು ಹುಚ್ಚುಗಳನ್ನು ಹೇಳಬೇಕು. ಮೊದಲನೆಯದು ಗೋಡೆ. ಗಾಡಿ ಬಂದ ಕೂಡಲೇ ನಂಬರ್ ಬರೆದುಕೊಳ್ಳುವುದು ಎಲ್ಲ ಗ್ಯಾರೇಜಿನವರ ರೂಢಿ. ಈತ ಯಾರ್ಯಾರು ಇದರಲ್ಲಿ ಕೂರುತ್ತಾರೆ ಎಂದು ಕೇಳಿ, ಅವರ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಆ ಕಪ್ಪು ಗೋಡೆಯ ಮೇಲೆ ಬರೆಯುತ್ತಿದ್ದ. ಓಡಿಸುವವನ ಹೆಸರು ಮಾತ್ರ ಬರೆಯುತ್ತಿರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ಯಜಮಾನರೊಬ್ಬರು ಲಾರಿ ತಂದಾಗ, ಇದರಲ್ಲಿ ಯಾರೂ ಕೂರುವುದಿಲ್ಲ, ಬರೀ ಅಕ್ಕಿ ಮೂಟೆ ಎಂದು ನಕ್ಕರಂತೆ. ಆತ ಕ್ಲೀನರ್ ಹೆಸರು ಕೇಳಿದ. ಯಜಮಾನರಿಗೆ ಗೊತ್ತಿರಲಿಲ್ಲ. ಹೋಗಿ ಕೇಳಿಕೊಂಡು ಬರ್ರಿ ಎಂದು ಬಿಸಿಲಲ್ಲಿ ಅವರನ್ನು ವಾಪಸ್ ಕಳಿಸಿದ.

ಎರಡನೆಯ ಹುಚ್ಚು ಇನ್ನೂ ದೊಡ್ಡದು. ಕೆಲಸ ಮುಗಿದ ಮೇಲೆ ಶೆಡ್ಡಿನ ಮುಂದಿನ ನೇರ ರಸ್ತೆಯಲ್ಲಿ, ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಹೋಗಿ ನಿಲ್ಲುತ್ತಿದ್ದ. ಗಾಡಿಯ ಮಾಲೀಕ ದೂರದಿಂದ ನಲವತ್ತರ ವೇಗದಲ್ಲಿ ಆತನ ಮೇಲೆಯೇ ಬರಬೇಕು. ನಡುವೆ ಒಂದು ಕಲ್ಲು ನೆಟ್ಟಿದ್ದ. ಆ ಕಲ್ಲು ದಾಟುವ ತನಕ ಬ್ರೇಕ್ ಮುಟ್ಟಬಾರದು. ಗಾಡಿ ಆತನ ಮುಂದೆ ನಿಂತರೆ ಒಳಗೆ ಹೋಗಿ ಗೋಡೆಯ ಮೇಲಿನ ಹೆಸರುಗಳನ್ನು ಒದ್ದೆ ಬಟ್ಟೆಯಲ್ಲಿ ಅಳಿಸಿ, ಕೀಲಿ ಕೊಡುತ್ತಿದ್ದ. ಇದೇನು ಸರ್ಕಸ್ಸು ಎಂದು ಕೇಳಿದವರಿಗೆ ಒಂದೇ ಮಾತು.

"ಬ್ರೇಕಿಗೆ ಕೈ ಹಚ್ಚಿದವ ಗಾಡಿ ಮುಂದ ನಿಲ್ಲಬೇಕ್ರಿ."

ಕಂಪ್ಲಿಯ ಖಾಸಗಿ ಬಸ್ಸೊಂದು ಹಾಗೆ ಬಂದು ನಿಂತದ್ದನ್ನು ನಾನೇ ಕಂಡಿದ್ದೇನೆ. ಆತ ಕೈಚಾಚಿ ಬಸ್ಸಿನ ಮೂತಿ ಮುಟ್ಟಿದ. ಡ್ರೈವರ್ ಇಳಿದು ರಸ್ತೆಯ ಬದಿಗೆ ಕುಕ್ಕರುಗಾಲಲ್ಲಿ ಕೂತ. ಈತ ಅವನಿಗೆ ನೀರನ್ನೂ ಕೊಡದೆ, ಈಗ ಹೋಗಿ ಮಂದಿ ಹತ್ತಿಸಿಕೋ ಎಂದ. ಜನ ಇದನ್ನು ಧೈರ್ಯ ಎನ್ನುತ್ತಾರೆ. ನಾನು ಕೊಬ್ಬು ಎನ್ನುತ್ತೇನೆ.

ನಾನು ಇಂಥವನ ಕೈಗೆ ಸಿಕ್ಕಿದ್ದು ನಮ್ಮ ತಂದೆಯ ಅಂಬಾಸಿಡರಿನಿಂದ. ತಂದೆಯೂ ವಕೀಲರೇ. ಸಂಡೂರು, ಕಂಪ್ಲಿ ಎಂದು ಜೀವಮಾನವೆಲ್ಲ ಆ ಬಿಳಿ ಕಾರಿನಲ್ಲೇ ಓಡಾಡಿದವರು. ಅಮ್ಮನ ತವರು ಸಂಡೂರು. ವಿಜಯದಶಮಿಯ ದಿನ ತಂದೆ ಅವಳನ್ನು ಆ ಕಾರಿನಲ್ಲಿ ತವರಿಗೆ ಕರೆದೊಯ್ಯುತ್ತಿದ್ದರು, ಅಣ್ಣತಮ್ಮಂದಿರಿಗೆ ಬನ್ನಿ ಕೊಟ್ಟು ಸಂಜೆಗೆ ವಾಪಸ್. ತಂದೆ ಹೋದ ಮೇಲೆ ಆ ಕೆಲಸ ನನ್ನದಾಯಿತು. ಬೇರೆ ಕಾರು ಮಾಡೋಣ ಎಂದರೆ ಅಮ್ಮ ಒಪ್ಪುತ್ತಿರಲಿಲ್ಲ. ವರ್ಷವೆಲ್ಲ ಎಲ್ಲಿಗೂ ಹೋಗದ ಹೆಂಗಸು, ಆ ಒಂದು ದಿನ ಮುಂದಿನ ಸೀಟಿನಲ್ಲಿ ಸೆರಗು ಹೊದ್ದು ರಾಣಿಯಂತೆ ಕೂರುತ್ತಿದ್ದಳು.

ಒಂದು ದಸರಾದಲ್ಲಿ ಸಂಡೂರಿನ ಗುಡ್ಡ ಇಳಿಯುವಾಗ ಮುಂದಿದ್ದ ಅದಿರಿನ ಲಾರಿ ಥಟ್ಟನೆ ನಿಂತಿತು. ನಾನು ಪೆಡಲ್ ಒತ್ತಿದೆ. ಹಳೆಯ ಡ್ರಮ್ ಬ್ರೇಕು ಇಳಿಜಾರಿನ ಕಾವಿಗೆ ಸೋತು ಹೋಗಿತ್ತು. ಕಾರು ನಿಂತಿತು ನಿಜ, ಆದರೆ ಲಾರಿಯ ಹಿಂದಿನ ಸರಪಳಿ ನಮ್ಮ ಬಾನೆಟ್ಟಿನ ಮೇಲೆ ತೂಗಾಡುವಷ್ಟು ಹತ್ತಿರ ಹೋಗಿ ನಿಂತಿತು. ಮನೆಗೆ ಬಂದ ಮೇಲೆ ಸುಮಾ, ನನ್ನ ಹೆಂಡತಿ, ಬ್ರೇಕ್ ಬದಲಾಯಿಸದೆ ನಾನೂ ಮಗಳೂ ಇದರಲ್ಲಿ ಕೂರುವುದಿಲ್ಲ ಎಂದಳು. ಮುಂದಿನ ಗಾಲಿಗಳಿಗೆ ಡ್ರಮ್ ತೆಗೆದು ಡಿಸ್ಕ್ ಹಾಕಿಸಬಹುದು, ಒಂದು ಬೂಸ್ಟರ್ ಕೂಡಿಸಿದರೆ ಕಾಲಿನ ಭಾರವೂ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳಿದರು. ಯಾರು ಮಾಡುತ್ತಾರೆ ಎಂದರೆ ಎಲ್ಲರೂ ಅದೇ ಶೆಡ್ಡಿನ ಕಡೆ ಬೆರಳು ತೋರಿಸಿದರು.

ಮುಂದಿನ ದಸರಾಕ್ಕೆ ಮೂರು ತಿಂಗಳಿರುವಾಗ ಕಾರು ಒಯ್ದೆ. ಮೊದಲ ದಿನ ಅಮ್ಮನೂ ಜೊತೆಗೆ ಬಂದಿದ್ದಳು. ಆತ ನನಗೆ ನಮಸ್ಕಾರ ಕೂಡ ಹೇಳಲಿಲ್ಲ. ಬಾನೆಟ್ ಎತ್ತಿ, ಬ್ರೇಕ್ ಆಯಿಲಿನ ಡಬ್ಬಿಗೆ ಬೆರಳದ್ದಿ, ಮೂಸಿ, ಇದಕ್ಕೆ ಹರಳೆಣ್ಣೆ ಹಾಕಿದವರು ಯಾರು ಎಂದು ಕೇಳಿದ. ಹಿಂದಿನ ಕಾಲದಲ್ಲಿ ಊರೂರಿಗೆ ಬ್ರೇಕ್ ಆಯಿಲ್ ಸಿಗುತ್ತಿರಲಿಲ್ಲ, ತಂದೆ ಅವಸರಕ್ಕೆ ಹಾಕಿ ರೂಢಿ ಮಾಡಿಕೊಂಡಿದ್ದರು. ಅದನ್ನು ಹೇಳಿದೆ.

"ನಿಮ್ಮಪ್ಪಾರು ಪುಣ್ಯವಂತ್ರು. ಇಷ್ಟ ವರ್ಷ ಬದುಕಿದ್ರಲ್ಲ," ಎಂದ.

ಸತ್ತ ತಂದೆಯ ಬಗ್ಗೆ ಅವರ ಹೆಂಡತಿಯ ಎದುರಿಗೇ ಆಡುವ ಮಾತೇ ಇದು? ಅಮ್ಮ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಗ ಆತ ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ನೋಡಿದ. ಒಳಗೆ ಹೋಗಿ ಒಂದು ಹಳೆಯ ಟೈರು ಉರುಳಿಸಿಕೊಂಡು ಬಂದು, ಅದರ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಒಗೆದ ಟವೆಲ್ ಹಾಸಿ, ಕುಂದರ್ರಿ ತಾಯಿ ಎಂದ. ಅವಳ ಹೆಸರು ಕೇಳಿ ಗೋಡೆಯ ಮೇಲೆ ಪದ್ಮಾವತೆಮ್ಮ ಎಂದು ದುಂಡಗೆ ಬರೆದ. ಅದರ ಕೆಳಗೆ ಸುಮಕ್ಕ, ಅದರ ಕೆಳಗೆ ಮೇಧಾ. ಮೇಧಾ ನನ್ನ ಮಗಳು, ಆಗ ಹೈಸ್ಕೂಲಿನಲ್ಲಿದ್ದಳು. ನಾನು ಬಿಸಿಲಲ್ಲಿ ನಿಂತೇ ಇದ್ದೆ.

ಕೆಲಸಕ್ಕೆ ಎರಡೂವರೆ ತಿಂಗಳು ತೆಗೆದುಕೊಂಡ. ಹೋದಾಗಲೆಲ್ಲ ಕಾರು ಮರದ ದಿಮ್ಮಿಗಳ ಮೇಲೆ ಕೂತಿರುತ್ತಿತ್ತು. ಯಾವುದೋ ಬೋಲ್ಟು ಸರಿಯಿಲ್ಲವೆಂದು ಹುಬ್ಬಳ್ಳಿಗೆ ವಾಪಸ್ ಕಳಿಸಿದ್ದ, ಯಾವುದೋ ಪೈಪಿನ ಬಾಗು ಒಪ್ಪಿಗೆಯಾಗದೆ ಮೂರು ಸಲ ಕತ್ತರಿಸಿ ಎಸೆದಿದ್ದ. ಅವಸರ ಮಾಡಿದರೆ ಪೇಪರ್ ಓದ್ರಿ ಎಂದು ಒಂದು ಹಳೆಯ ಪತ್ರಿಕೆ ಕೊಡುತ್ತಿದ್ದ. ಆಯುಧಪೂಜೆಗೆ ಮೂರು ದಿನವಿರುವಾಗ ಕೆಲಸ ಮುಗಿಯಿತು ಎಂದು ಹೇಳಿ ಕಳಿಸಿದ. ಹೋದರೆ ಆತ ಆಗಲೇ ಗೆರೆಯ ಮೇಲೆ ಹೋಗಿ ಕೈಕಟ್ಟಿ ನಿಂತಿದ್ದ.

ನಾನು ಒಲ್ಲೆನೆಂದೆ. ಮನುಷ್ಯನ ಮೇಲೆ ಕಾರು ಓಡಿಸುವುದು ಅಪರಾಧ, ಹೆಚ್ಚುಕಡಿಮೆಯಾದರೆ ನನ್ನ ಸನ್ನದು ಹೋಗುತ್ತದೆ, ಕೀಲಿ ಕೊಡು ಎಂದೆ. ಹಂಗಾದ್ರ ಹೆಸರು ಅಳಿಸುವುದಿಲ್ಲ ಎಂದ. ಸುತ್ತ ಹತ್ತು ಜನ ನಿಂತಿದ್ದರು, ಹಂಪಿಯಿಂದ ಬಂದ ಇಬ್ಬರು ಆಟೋದವರು ಮೊಬೈಲು ಹಿಡಿದಿದ್ದರು. ನಾನು ಪೊಲೀಸು, ಕೋರ್ಟು, ನೋಟಿಸು ಎಂದು ದನಿಯೇರಿಸಿದೆ. ಆತ ಜೇಬಿನಿಂದ ಕೀಲಿ ತೆಗೆದು ಬಾನೆಟ್ಟಿನ ಮೇಲೆ ಎಸೆದ. ಅಂದಿಗೂ ಇಂದಿಗೂ ನನಗೆ ಹಾಗೆ ಯಾರೂ ಏನನ್ನೂ ಎಸೆದು ಕೊಟ್ಟಿಲ್ಲ. ನಾನು ಕಾರು ಹತ್ತಿ ಎಂಜಿನ್ ಚಾಲೂ ಮಾಡುವಾಗ ಆತ ಕಿಟಕಿಯ ಹತ್ತಿರ ಬಂದ.

"ಇನ್ನೊಂದ್ ಮಾತೈತಿ, ನಿಂದ್ರಿ. ಆ ಪ್ಲೇಟಿಗೆ..."

ನಾನು ಗಾಜು ಏರಿಸಿ ಹೊರಟುಬಿಟ್ಟೆ.

ಈಗ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಆಯುಧಪೂಜೆಯ ದಿನ ತಂದೆ ಕಾರಿನ ನಾಲ್ಕೂ ಗಾಲಿ ಬಿಚ್ಚುತ್ತಿದ್ದರು. ಒಳಗಿನ ಡ್ರಮ್ಮುಗಳನ್ನು ತೊಳೆದು, ಒರೆಸಿ, ತುಕ್ಕು ಹಿಡಿಯದಿರಲೆಂದು ಕೊಬ್ಬರಿ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಮತ್ತೆ ಗಾಲಿ ಕೂಡಿಸುತ್ತಿದ್ದರು. ಡ್ರಮ್ ಹಿಡಿಯುವುದು ಒಳಗಿನಿಂದ, ಮೇಲೆ ಏನು ಹಚ್ಚಿದರೂ ಅದಕ್ಕೆ ಬಾಧೆಯಿಲ್ಲ. ಡಿಸ್ಕ್ ಹಾಗಲ್ಲ. ಆ ತಟ್ಟೆಯನ್ನು ಎರಡೂ ಬದಿಯಿಂದ ಪ್ಯಾಡುಗಳು ಕಚ್ಚಿ ಹಿಡಿಯುತ್ತವೆ, ಹಿಡಿತವೆಲ್ಲ ಅದರ ಮೈಮೇಲೆಯೇ. ಇದು ಇಂದು ನನಗೆ ಗೊತ್ತು. ಅಂದು ಗೊತ್ತಿರಲಿಲ್ಲ, ಅಥವಾ ಯೋಚಿಸಲಿಲ್ಲ. ಗಾಲಿ ಬಿಚ್ಚಿ ನೀರು ಹಾಕಿ ತೊಳೆದೆ. ಊಟ ಮಾಡಿ ಬರುವಷ್ಟರಲ್ಲಿ ಹೊಳೆಯುವ ಹೊಸ ತಟ್ಟೆಯ ಮೇಲೆ ತೆಳ್ಳಗೆ ಕೆಂಪು ತುಕ್ಕು ಕಟ್ಟಿತ್ತು. ಎಂಥ ಕಳಪೆ ಮಾಲು ಹಾಕಿದ್ದಾನೆ ನೋಡು ಎಂದು ಬೈದುಕೊಂಡೆ. ಅಮ್ಮ ದೇವರ ಮನೆಯಿಂದ ಎಣ್ಣೆಯ ಬಟ್ಟಲು ತಂದುಕೊಟ್ಟಳು. ತಂದೆ ಮಾಡುತ್ತಿದ್ದಂತೆಯೇ ಹಳೆಯ ಪಂಚೆಯ ತುಂಡಿನಲ್ಲಿ ಎರಡೂ ತಟ್ಟೆಗಳಿಗೆ, ಎರಡೂ ಬದಿಗೆ, ಚೆನ್ನಾಗಿ ತಿಕ್ಕಿ ಹಚ್ಚಿದೆ. ಅಮ್ಮ ಕುಂಕುಮ ಇಟ್ಟಳು.

ಮರುದಿನ ಸಂಡೂರಿಗೆ ಹೊರಟೆವು. ಊರೊಳಗೆ ಕಾರು ನಿಲ್ಲುವಾಗ ಸ್ವಲ್ಪ ಜಾರಿದಂತೆ ಅನ್ನಿಸಿತು, ಹೊಸದು, ಪಳಗಬೇಕು ಅಂದುಕೊಂಡೆ. ಹಬ್ಬದ ದಿನವಾದ್ದರಿಂದ ರಸ್ತೆಯೂ ಖಾಲಿ, ಏರಿನ ತನಕ ಬ್ರೇಕಿನ ನೆನಪೇ ಬರಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಎರಡು ತಿರುವು ದಾಟಿದ ಮೇಲೆ ಹಿಂದಿನ ಸೀಟಿನಿಂದ ಮೇಧಾ, ಅಪ್ಪಾ, ಯಾರೋ ಹಪ್ಪಳ ಕರೀತಿದಾರೆ ಎಂದಳು. ನಿಜವಾಗಿಯೂ ಕಾದ ಕೊಬ್ಬರಿ ಎಣ್ಣೆಯ ವಾಸನೆ. ಮುಂದಿನ ಗಾಲಿಗಳಿಂದ ಹೊಗೆ ಏಳುತ್ತಿತ್ತು. ನಾನು ಪೆಡಲನ್ನು ಎಷ್ಟು ಬಲವಾಗಿ ತುಳಿದರೂ ಕಾರು ಇಳಿಯುತ್ತಲೇ ಇತ್ತು. ಹ್ಯಾಂಡ್‌ಬ್ರೇಕ್ ಎಳೆದೆ, ಎಡಕ್ಕೆ ತಿರುಗಿಸಿದೆ, ರಸ್ತೆಯ ಬದಿಗೆ ಸುರಿದಿದ್ದ ಕೆಂಪು ಮಣ್ಣಿನ ಗುಡ್ಡೆಗೆ ನುಗ್ಗಿಸಿದೆ. ಮಣ್ಣು ಇಲ್ಲದಿದ್ದರೆ ಮುಂದೆ ಕಮರಿ. ಸುಮಾಗೂ ಮೇಧಾಗೂ ಏನೂ ಆಗಲಿಲ್ಲ. ಅಮ್ಮ ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟಿದ್ದಳು, ಬಲಗೈ ಮಣಿಕಟ್ಟು ಮುರಿಯಿತು. ಮಡಿಲಲ್ಲಿದ್ದ ಬನ್ನಿ ಎಲೆ ಕಾರಿನ ತುಂಬ ಚೆಲ್ಲಿತ್ತು.

ಮರುದಿನವೇ ಕಾರನ್ನು ಎಳೆಸಿಕೊಂಡು ಹೋಗಿ ಆತನ ಶೆಡ್ಡಿನ ಮುಂದೆ ನಿಲ್ಲಿಸಿದೆ. ಜನ ಸೇರಿದರು, ಸೇರಲಿ ಎಂದೇ ನಾನು ಹೋಗಿದ್ದು. ಮುದುಕಿಯ ಕೈ ಮುರಿದವನು ಇವನೇ ಎಂದು ಕೂಗಿದೆ. ಆತ ಗಾಲಿ ಬಿಚ್ಚಿದ. ತಟ್ಟೆಯ ಮೇಲೆ ಬೆರಳೆಳೆದು ಮೂಸಿದ. ಎದ್ದು ಬಂದು ಅದೇ ಬೆರಳನ್ನು ಎಲ್ಲರೆದುರಿಗೆ ನನ್ನ ಮೂಗಿನ ಮುಂದೆ ಹಿಡಿದ.

"ವಕೀಲ್ರ, ತಲಿಗೆ ಹಚ್ಚಿಕೊಳ್ಳೂದನ್ನ ಬ್ರೇಕಿಗೆ ಹಚ್ಚೀರಿ."

ಯಾರೋ ಕಿಸಕ್ಕನೆ ನಕ್ಕರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಆದರೆ ನಾನು ವಕೀಲ, ಸೋತ ಕೇಸನ್ನೂ ವಾದಿಸುವುದು ನನ್ನ ಹೊಟ್ಟೆಪಾಡು. ಅದು ನಿನ್ನ ಬೂಸ್ಟರಿನಿಂದಲೇ ಸೋರಿದ ಎಣ್ಣೆ ಎಂದೆ. ನಾನು ಮುಟ್ಟಿಲ್ಲ ಎಂದೆ. ಆತ ರಸ್ತೆಯ ಗೆರೆ ತೋರಿಸಿದ.

"ಗಾಡಿ ಸರಿ ಮಾಡಿಕೊಡ್ತೀನಿ. ಈ ಸಲ ನಾ ಓಡಸ್ತೀನಿ, ನೀವು ಅಲ್ಲಿ ನಿಂದ್ರಿ. ಕೈ ಹಚ್ಚಿದವರು ನೀವು. ನೀವು ಎದುರು ನಿಲ್ಲಾಕ ಒಲ್ಲದ ಗಾಡ್ಯಾಗ ತಾಯೀನ್ನ ಕುಂದ್ರಿಸಿಕೊಂಡ್ ಗುಡ್ಡ ಇಳಿದ್ರಲ್ಲ."

ನಾನು ಕಾರನ್ನು ಅಲ್ಲಿಂದ ಎಳೆಸಿಕೊಂಡು ಹೋದೆ. ಮರುವಾರ ಆತನಿಗೆ ಲೀಗಲ್ ನೋಟಿಸು ಕಳಿಸಿದೆ. ಅದನ್ನು ಕತ್ತರಿಸಿ ಯಾವುದೋ ಲಾರಿಗೆ ಪ್ಯಾಕಿಂಗ್ ಮಾಡಿ ಹಾಕಿದನೆಂದು ಆಮೇಲೆ ಕೇಳಿದೆ. ಆದರೆ ನನ್ನ ಬಾಯಿ ಕತ್ತರಿಸಲು ಆತನಿಗೆ ಆಗಲಿಲ್ಲ. ಬಾರ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಮಠದ ಊಟದ ಪಂಕ್ತಿಯಲ್ಲಿ, ಆ ಶೆಡ್ಡಿಗೆ ಕಾರು ಬಿಟ್ಟರೆ ಹೆಣವಾಗಿ ಬರುತ್ತೀರಿ ಎಂದು ಹೇಳಿಕೊಂಡು ಬಂದೆ. ಚೆನ್ನಾಗಿ ಹೇಳುತ್ತಿದ್ದೆ, ಜನ ನಂಬುತ್ತಿದ್ದರು. ಶಾಲೆಯ ಮಕ್ಕಳನ್ನು ಒಯ್ಯುವ ಎರಡು ವ್ಯಾನಿನವರು ಬೇರೆ ಕಡೆ ಹೋದರೆಂದು ತಿಳಿದಾಗ ನನಗೆ ಖುಷಿಯಾಗಿತ್ತು. ಇದನ್ನೂ ಬರೆದುಬಿಡುತ್ತೇನೆ, ಫ್ಲೆಕ್ಸಿನವರಂತೆ ನಾನೂ ಸುಳ್ಳು ಹೇಳಬಾರದಲ್ಲ.

ಮೇಧಾ ನನ್ನ ಮಾತನ್ನೇ ನಂಬಿ ಬೆಳೆದಳು. ಸುಮಾ ನಿಜವೇ ಎಂದು ಕೇಳಲಿಲ್ಲ. ಅಮ್ಮನಿಗೆ ಎಲ್ಲ ಗೊತ್ತಿತ್ತು, ಎಣ್ಣೆಯ ಬಟ್ಟಲು ಕೊಟ್ಟವಳೇ ಅವಳು. ನೆಂಟರೆದುರು ನಾನು ಮೇಸ್ತ್ರಿಯನ್ನು ಬೈಯುವಾಗ ಅವಳು ಪ್ಲಾಸ್ಟರ್ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದಳು.

ಬೇರೊಬ್ಬ ಮೆಕ್ಯಾನಿಕ್ ಕಾರಿನ ಮೂತಿ ನೆಟ್ಟಗೆ ಮಾಡಿ, ಪ್ಯಾಡು ಬದಲಾಯಿಸಿಕೊಟ್ಟ. ಮರುವರ್ಷ ದಸರಾಕ್ಕೆ ಕಾರು ತೊಳೆದು ನಿಲ್ಲಿಸಿ ಅಮ್ಮನನ್ನು ಕರೆದೆ. ಅವಳು ಹೊಸ್ತಿಲ ಹತ್ತಿರ ಬಂದು ಕಾರು ನೋಡಿ, ಆ ಮೇಸ್ತ್ರಿಗೆ ತೋರಿಸಿದ್ಯಾ ಎಂದು ಕೇಳಿದಳು. ಇಲ್ಲವೆಂದೆ.

"ಅವ ಹೂಂ ಅಂದ್ರ ಕೂಡ್ತೀನಪ್ಪಾ," ಎಂದು ಒಳಗೆ ಹೋದಳು.

ಪ್ರತಿ ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಹೋಗಿ ಆ ಗೆರೆಯ ಮೇಲೆ ಒಂದು ನಿಮಿಷ ನಿಂತಿದ್ದರೆ ಮುಗಿಯುತ್ತಿತ್ತು. ನಾನು ಹೋಗಲಿಲ್ಲ. ಅವಳು ಬಸ್ಸಿನಲ್ಲೂ ಹೋಗಲಿಲ್ಲ, ಬಾಡಿಗೆ ಕಾರಿನಲ್ಲೂ ಹೋಗಲಿಲ್ಲ. ಮೊದಮೊದಲು ಸಂಡೂರಿನಿಂದ ಸೋದರಮಾವಂದಿರೇ ಬಂದು ಬನ್ನಿ ಕೊಟ್ಟು ಹೋಗುತ್ತಿದ್ದರು, ಆಮೇಲೆ ಅವರಿಗೂ ಆಗಲಿಲ್ಲ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ಕಾರು ಹೊದಿಕೆಯ ಕೆಳಗೆ ಹಾಗೇ ಇತ್ತು.

ಇವೆಲ್ಲಕ್ಕೂ ಆತನೇ ಕಾರಣವೆಂದು ನಾನು ನಂಬಿಕೊಂಡು ಬಂದೆ. ಒಬ್ಬ ಮೇಸ್ತ್ರಿಗೆ ಅಷ್ಟು ಹಟ ಏಕೆ? ನಾಲ್ಕು ಜನರ ಮುಂದೆ ಬೆರಳು ಹಿಡಿಯುವ ಬದಲು ಒಳಗೆ ಕರೆದು ಹೇಳಬಹುದಿತ್ತು. ಕೀಲಿ ಕೈಗೆ ಕೊಡಬಹುದಿತ್ತು. ಇಂದಿಗೂ ನನಗೆ ಆ ಸಿಟ್ಟಿದೆ, ಅದನ್ನು ಬಿಡುವುದಿಲ್ಲ.

ಆತ ಸತ್ತು ತಿಂಗಳಾದ ಮೇಲೆ ಮೇಧಾ ಒಂದು ಭಾನುವಾರ ಕಾರಿನ ಹೊದಿಕೆ ತೆಗೆದಳು. ಈಗ ಅವಳು ಕಂಪ್ಲಿಯ ಶಾಲೆಯಲ್ಲಿ ಟೀಚರು, ಕಾರು ಓಡಿಸುವುದನ್ನು ಕಲಿತಿದ್ದಾಳೆ. ಈ ದಸರಾಕ್ಕೆ ಅಜ್ಜಿಯ ಊರಿಗೆ ಅಜ್ಜಿಯ ಗಾಡಿಯಲ್ಲೇ ಹೋಗುತ್ತೇನೆ ಎಂದಳು. ಆ ಶೆಡ್ಡಿನಲ್ಲಿ ಮೇಸ್ತ್ರಿಯ ಹೆಂಡತಿ ಇನ್ನೊಂದು ವಾರ ಮಾತ್ರ ಇರುತ್ತಾಳಂತೆ, ಆಮೇಲೆ ಯಶವಂತನಗರದ ತಂಗಿಯ ಮನೆಗೆ ಹೋಗುತ್ತಾಳಂತೆ, ಬ್ರೇಕಿನ ಕೆಲಸ ಆಕೆಗೂ ಬರುತ್ತದಂತೆ, ಎಂದು ಎಲ್ಲ ವಿಚಾರಿಸಿಕೊಂಡು ಬಂದಿದ್ದಳು. ಬೇರೆ ಮೆಕ್ಯಾನಿಕ್ ಇಲ್ಲವೇ ಎಂದು ರೇಗಿದೆ. ಮೇಸ್ತ್ರಿ ಹೇಗೇ ಇರಲಿ, ಅಜ್ಜಿ ಹೇಳಿದ್ದು ಆ ಶೆಡ್ಡು ತಾನೇ ಎಂದಳು. ಕಾರನ್ನು ಅಲ್ಲಿಗೇ ಒಯ್ದೆವು.

ಮೇಸ್ತ್ರಿಯ ಹೆಂಡತಿ ನಮ್ಮನ್ನು ನೋಡಿ ಬರ್ರಿ ಎಂದಳು, ಅಷ್ಟೇ. ಹಳೆಯ ಪ್ಯಾಡು ತೆಗೆದು ಹೊಸದು ಹಾಕಿದಳು, ತಟ್ಟೆಗಳನ್ನು ಉಜ್ಜಿ ಸ್ವಚ್ಛ ಮಾಡಿದಳು, ಆಯಿಲ್ ಪೂರ್ತಿ ಬಸಿದು ಹೊಸದು ತುಂಬಿದಳು. ಗಾಳಿ ತೆಗೆಯುವಾಗ ಮೇಧಾಳನ್ನು ಸೀಟಿನ ಮೇಲೆ ಕೂರಿಸಿ, ತಾನು ಕೆಳಗೆ ಮಲಗಿದಳು. ಕೆಳಗಿನಿಂದ ಈಗ ಆಕೆಯ ದನಿ ಬರುತ್ತಿತ್ತು: ಒತ್ತು, ಹಿಡಿ, ಬಿಡು. ನಾನು ಹೊತ್ತು ಕಳೆಯಲು ಶೆಡ್ಡಿನ ಒಳಗೆ ಹೋದೆ.

ಹಿಂದಿನ ಗೋಡೆ ಖಾಲಿಯಾಗಿತ್ತು. ಬಲಗಡೆಯ ಮೂಲೆಯಲ್ಲಿ, ಎದೆಯೆತ್ತರದಲ್ಲಿ ಮಾತ್ರ ಮೂರು ಹೆಸರುಗಳಿದ್ದವು. ಪದ್ಮಾವತೆಮ್ಮ, ಸುಮಕ್ಕ, ಮೇಧಾ. ಸುತ್ತಲೂ ಕಪ್ಪು ಬಣ್ಣ ಪದರ ಪದರವಾಗಿ ದಪ್ಪಗಿತ್ತು, ಆ ಮೂರು ಹೆಸರುಗಳ ಜಾಗ ಮಾತ್ರ ತಗ್ಗಾಗಿ ಕಾಣುತ್ತಿತ್ತು. ಬೆನ್ನ ಹಿಂದೆ ಆಕೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು. ದಸರಾ ಬಂದಾಗ ತನ್ನ ಯಜಮಾನರು ಗೋಡೆಗೆ ಬಣ್ಣ ಬಳಿಯುತ್ತಿದ್ದರು, ಅಷ್ಟು ಜಾಗ ಬಿಟ್ಟು ಬಳಿಯುತ್ತಿದ್ದರು, ಅಕ್ಷರ ಮಾಸಿದ್ದರೆ ಮತ್ತೆ ತಿದ್ದುತ್ತಿದ್ದರು ಎಂದು ಹೇಳಿದಳು. ಏಕೆಂದು ನಾನು ಕೇಳಲಿಲ್ಲ. ಸತ್ತ ಮೇಲೂ ಈ ಮನುಷ್ಯ ನನ್ನ ಮೂಗಿನ ಮುಂದೆ ಬೆರಳು ಹಿಡಿದೇ ಇದ್ದಾನೆ ಅನ್ನಿಸಿ ಹಲ್ಲು ಕಡಿದೆ.

ಕೆಲಸ ಮುಗಿಯಿತು. ಆಕೆ ಸೆರಗು ಸಿಕ್ಕಿಸಿಕೊಂಡು ನೇರವಾಗಿ ರಸ್ತೆಯ ಗೆರೆಯ ಕಡೆ ನಡೆದಳು. ಗಂಡನ ಪದ್ಧತಿ, ಕೈ ಹಚ್ಚಿದವಳು ತಾನು. ಮೇಧಾ ಸ್ಟೀರಿಂಗ್ ಹಿಡಿದು ಕೂತಿದ್ದಳು. ಆ ಬಡಕಲು ಹೆಂಗಸು ಬಿಸಿಲಲ್ಲಿ ಒಬ್ಬಳೇ ಹೋಗಿ ನಿಲ್ಲುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹೋಗಿ ಪಕ್ಕಕ್ಕೆ ಸರಿಯಲು ಹೇಳಿದೆ. ಏಕೆಂಬಂತೆ ನೋಡಿದಳು. ಕಾರಿನ ಕಿಟಕಿ ತೆರೆದೇ ಇತ್ತು, ಮಗಳಿಗೆ ಕೇಳಿಸುವ ಹಾಗೆ ಹೇಳಿದೆ.

"ಆವತ್ತ ಎಣ್ಣಿ ಹಚ್ಚಿದವ ನಾನು. ನಾನು ನಿಲ್ತೀನಿ."

ಆಕೆ ಪಕ್ಕಕ್ಕೆ ಸರಿದಳು. ಮೇಧಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷದ ನನ್ನ ಮಾತುಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಗಾಜು ಏರಿಸಿ, ಕಾರನ್ನು ಹಿಂದೆ ಹಿಂದೆ ಒಯ್ದು, ದೂರದಲ್ಲಿ ನಿಲ್ಲಿಸಿದಳು. ಆ ಮುಖ ನೋಡಿ ನನಗೆ ನಿಜವಾಗಿಯೂ ಭಯವಾಯಿತು.

ಕಾರು ಬಂತು. ತಂದೆಯ ಕಾರು ಎದುರಿನಿಂದ ನೋಡಿದರೆ ಅಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ಕಲ್ಲಿನ ತನಕ ವೇಗ ಕಡಿಮೆಯಾಗಲಿಲ್ಲ. ಕಾಲುಗಳು ಓಡು ಎನ್ನುತ್ತಿದ್ದವು. ಅಮ್ಮ ಇದರೊಳಗೆ ಕೂತು ಗುಡ್ಡ ಇಳಿದಿದ್ದಳು ಎಂದುಕೊಂಡು ನಿಂತೆ. ಕಲ್ಲು ದಾಟಿತು, ಮೂತಿ ಬಗ್ಗಿತು, ಕೆಂಪು ಧೂಳು ಎದ್ದಿತು. ಧೂಳು ಇಳಿದಾಗ ಕಾರು ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿತ್ತು. ಒಳ್ಳೆಯ ಕೆಲಸ, ಆತ ಅಂದು ಕೂಡಿಸಿದ್ದ ಅದೇ ತಟ್ಟೆಗಳು. ಇದನ್ನು ಆತನ ಪರವಾಗಿ ದಾಖಲು ಮಾಡುತ್ತೇನೆ.

ಮೇಧಾ ಇಳಿಯಲಿಲ್ಲ. ನಾನು ಶೆಡ್ಡಿನೊಳಗೆ ಹೋದೆ. ಆಕೆ ಒದ್ದೆ ಬಟ್ಟೆ ಹಿಂಡಿ ನನ್ನ ಕೈಗೆ ಕೊಟ್ಟಳು. ಕೆಳಗಿನಿಂದ ಶುರು ಮಾಡಿದೆ. ಮೇಧಾ ಅಳಿಸಿದೆ, ಸುಮಕ್ಕ ಅಳಿಸಿದೆ. ಮೇಲಿನ ಹೆಸರಿಗೆ ಕೈ ಎತ್ತಿದಾಗ ಆಕೆ ನನ್ನ ಮೊಣಕೈ ಹಿಡಿದು ತಡೆದಳು.

"ಮುಂದ ನಿಂತು ನೋಡಿದ ಗಾಡ್ಯಾಗ ಅವ್ರು ಕುಂದ್ರಲೇ ಇಲ್ಲಲ್ರಿ," ಎಂದಳು.

ನಾನು ಬಟ್ಟೆಯನ್ನು ಆಕೆಗೆ ವಾಪಸ್ ಕೊಟ್ಟೆ.